ಹಗ್ಗ ಬರುತ್ತದೆ, ಎಂಜಿನ್ ತಿರುಗುವುದಿಲ್ಲ: ನೈಟ್ರೋ ಬಗ್ಗಿಯ ಪುಲ್ ಸ್ಟಾರ್ಟರ್ ಸಮಸ್ಯೆ

ಕೆಂಗೇರಿ ಬಗ್ಗಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1/10 ಅಳತೆಯ ನೈಟ್ರೋ ಬಗ್ಗಿ ಇದೆ, ಅಂದರೆ ನೈಟ್ರೋ ಇಂಧನದಲ್ಲಿ ಓಡುವ ರಿಮೋಟ್ ಕಂಟ್ರೋಲ್ (ಆರ್‌ಸಿ) ಕಾರು. ಸೆಕೆಂಡ್ ಹ್ಯಾಂಡ್. ಎಂಜಿನ್ 18 ಸೈಜ್ (ಸುಮಾರು 3 ಸಿಸಿ), ಹಿಂದೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಪುಲ್ ಸ್ಟಾರ್ಟರ್. ಮೊದಮೊದಲು ಎರಡು ಮೂರು ಎಳೆತಕ್ಕೇ ಸ್ಟಾರ್ಟ್ ಆಗುತ್ತಿತ್ತು.

ಹೋದ ವಾರ ಎಳೆದ ಹಗ್ಗ ವಾಪಸ್ ಒಳಗೆ ಹೋಗಲಿಲ್ಲ. ಸ್ಟಾರ್ಟರ್ ಬಿಚ್ಚಿದೆ. ಒಳಗೆ ಮಣ್ಣು, ಕಪ್ಪು ಜಿಡ್ಡು. ಹಗ್ಗ ಸುತ್ತುವ ಪುಲ್ಲಿ ಎತ್ತಿದ ತಕ್ಷಣ ಸ್ಪ್ರಿಂಗ್ ಚಂಗನೆ ಹಾರಿ ಮಂಚದ ಕೆಳಗೆ ಸೇರಿತು. ಅದನ್ನು ಹುಡುಕಿ, ತೊಳೆದು, ಸುತ್ತಿ ಕೂರಿಸಿದೆ. ಈಗ ಹಗ್ಗ ಚೆನ್ನಾಗಿ ಒಳಗೆ ಹೋಗುತ್ತದೆ. ಆದರೆ ಎಳೆದರೆ ಎಂಜಿನ್ ತಿರುಗುವುದಿಲ್ಲ. ಹಗ್ಗ ಸುಮ್ನೆ ಸರ್ರನೆ ಬರುತ್ತದೆ, ಹೋಗುತ್ತದೆ. ಒಮ್ಮೊಮ್ಮೆ ಹಿಡಿದುಕೊಳ್ಳುತ್ತದೆ, ಅರ್ಧ ಸುತ್ತು ತಿರುಗಿ ಟಕ್ ಅಂತ ಜಾರುತ್ತದೆ.

ಪೂರ್ತಿ ಸ್ಟಾರ್ಟರ್ ಹೊಸದು ತರಿಸಬೇಕಾ? ಅಥವಾ ರಿಪೇರಿ ಆಗುತ್ತದಾ? ಗೊತ್ತಿರುವವರು ಹೇಳಿ.

ಧಾರವಾಡ ಡ್ರಿಫ್ಟ್

ಎಂಜಿನ್ ತೆಗೆದು ಬ್ರಷ್‌ಲೆಸ್ ಎಲೆಕ್ಟ್ರಿಕ್ ಮೋಟಾರ್ ಹಾಕ್ರಿ. ಹಗ್ಗನೂ ಇಲ್ಲ, ಹೊಗೆನೂ ಇಲ್ಲ 😄

ಕೆಂಗೇರಿ ಬಗ್ಗಿ

ಹೊಗೆ ಬೇಕು ಅಂತಾನೇ ತಗೊಂಡಿದ್ದು ಸರ್.

ಹಳೇ ಗ್ಲೋ ಪ್ಲಗ್

ಹೊಸದು ತರಿಸಬೇಡಿ, ಸ್ವಲ್ಪ ತಡೆಯಿರಿ. ಪುಲ್ ಸ್ಟಾರ್ಟರ್ ಸೆಟ್ ಅಂತ ಮಾರುವ ಎಷ್ಟೋ ಪೊಟ್ಟಣಗಳಲ್ಲಿ ಇರುವುದು ಡಬ್ಬಿ, ಪುಲ್ಲಿ, ಸ್ಪ್ರಿಂಗ್, ಹಗ್ಗ, ಇಷ್ಟೇ. ನಿಮ್ಮಲ್ಲಿ ಈ ನಾಲ್ಕೂ ಕೆಲಸ ಮಾಡುತ್ತಿವೆ. ಹಗ್ಗ ಬಂದು ಹೋಗುತ್ತಿದೆ ಅಂದರೆ ಸ್ಪ್ರಿಂಗ್ ಸರಿಯಾಗಿ ಕೂತಿದೆ. ಕೆಟ್ಟಿರುವುದು ಅದರ ಮುಂದಿನ ಭಾಗ.

ಒಳಗೆ ಏನು ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ. ಹಗ್ಗ ಎಳೆದರೆ ಪುಲ್ಲಿ ತಿರುಗುತ್ತದೆ. ಪುಲ್ಲಿಯ ನಡುವೆ ಒಂದೇ ದಿಕ್ಕಿಗೆ ಹಿಡಿಯುವ ಒನ್ ವೇ ಬೇರಿಂಗ್ ಇದೆ. ಅದರೊಳಗೆ ಸ್ಟಾರ್ಟರ್ ಶಾಫ್ಟ್ ತೂರಿರುತ್ತದೆ. ಆ ಶಾಫ್ಟ್ ಎಂಜಿನ್ ಹಿಂದಿನ ಮುಚ್ಚಳವಾದ ಬ್ಯಾಕ್ ಪ್ಲೇಟ್ ದಾಟಿ ಒಳಗೆ ಹೋಗಿ, ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ಪಿನ್ನನ್ನು ಹಿಡಿದುಕೊಂಡಿರುತ್ತದೆ. ಬೇರಿಂಗ್ ಒಳಗಿನ ಸಣ್ಣ ರೋಲರ್‌ಗಳು ಇಳಿಜಾರಿನಲ್ಲಿ ಕೂತಿವೆ. ಹಗ್ಗ ಎಳೆದಾಗ ಅವು ಇಳಿಜಾರಿನ ಕಿರಿದಾದ ಕಡೆಗೆ ಸರಿದು ಶಾಫ್ಟನ್ನು ಬಿಗಿಯಾಗಿ ಹಿಡಿಯುತ್ತವೆ. ಎಂಜಿನ್ ಓಡುವಾಗ ಸಡಿಲವಾಗುತ್ತವೆ. ಆಗ ಪುಲ್ಲಿ ನಿಂತಿರುತ್ತದೆ, ಶಾಫ್ಟ್ ಮಾತ್ರ ಒಳಗೆ ತಿರುಗುತ್ತಿರುತ್ತದೆ.

ನಿಮ್ಮ ರೋಲರ್‌ಗಳು ಹಿಡಿಯುತ್ತಿಲ್ಲ. ಜಿಡ್ಡಿನಿಂದ ಇರಬಹುದು, ಸವೆತದಿಂದ ಇರಬಹುದು. ಸ್ಟಾರ್ಟರ್ ಬಿಚ್ಚಿದಾಗ ಬೇರಿಂಗ್ ಕೈಗೆ ಬಂದು, ಅದನ್ನು ತಿರುಗುಮುರುಗು ಹಾಕಿದ್ದೀರಾ ಅಂತ ಕೇಳೋಣ ಅಂದುಕೊಂಡೆ. ಆದರೆ ನೀವು "ಒಮ್ಮೊಮ್ಮೆ ಹಿಡಿಯುತ್ತದೆ" ಅಂತ ಬರೆದಿದ್ದೀರಿ. ತಿರುಗುಮುರುಗು ಹಾಕಿದ್ದರೆ ಒಮ್ಮೆಯೂ ಹಿಡಿಯುತ್ತಿರಲಿಲ್ಲ.

ಈಗ ಒಂದು ಪರೀಕ್ಷೆ ಮಾಡಿ. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ತೆಗೆಯಿರಿ. ಸ್ಟಾರ್ಟರ್ ಕೂತಿರುವ ಹಾಗೇ ಎಂಜಿನ್ ಮುಂದಿನ ಭಾರದ ಚಕ್ರವನ್ನು, ಅಂದರೆ ಫ್ಲೈವೀಲನ್ನು ಬೆರಳಿನಿಂದ ಮೆಲ್ಲಗೆ ಎರಡೂ ಕಡೆ ತಿರುಗಿಸಿ. ಈ ಎಂಜಿನ್‌ಗಳು ಫ್ಲೈವೀಲ್ ಕಡೆಯಿಂದ ನೋಡಿದರೆ ಅಪ್ರದಕ್ಷಿಣವಾಗಿ ಓಡುತ್ತವೆ. ಆ ಕಡೆಗೆ ಸಲೀಸಾಗಿ ತಿರುಗಬೇಕು. ಉಲ್ಟಾ ತಿರುಗಿಸಿದರೆ ಬೇರಿಂಗ್ ಹಿಡಿದು ನಿಲ್ಲಬೇಕು. ಎರಡೂ ಕಡೆ ತಿರುಗಿದರೆ ಬೇರಿಂಗ್ ಅಥವಾ ಶಾಫ್ಟ್ ಹೋಗಿದೆ. ಉಲ್ಟಾ ಕಡೆಗೆ ಜಾಸ್ತಿ ಬಲ ಹಾಕಬೇಡಿ, ಪುಲ್ಲಿ ಪ್ಲಾಸ್ಟಿಕ್‌ನದು.

ಅಡಿಕೆ ತೋಟ

ನಾನು ಆರ್‌ಸಿ ಕಾರಿನವನಲ್ಲ, ತಮ್ಮನ ಮಗನ ಕಾರು ನೋಡಿಕೊಡಲು ಇಲ್ಲಿಗೆ ಸೇರಿದವನು. ಸಾಗರದ ಕಡೆ ಕಳೆ ಕೊಚ್ಚುವ ಮೆಷಿನ್, ಔಷಧಿ ಹೊಡೆಯುವ ಮೆಷಿನ್ ರಿಪೇರಿ ಮಾಡುತ್ತೇನೆ. ಮಳೆಗಾಲದಲ್ಲಿ ದಿನಾ ಹಗ್ಗದ ಕೆಲಸವೇ. ನಮ್ಮ ಮೆಷಿನ್‌ಗಳಲ್ಲಿ ಈ ರೋಲರ್ ಬೇರಿಂಗ್ ಇರುವುದಿಲ್ಲ. ಹಗ್ಗ ಎಳೆದಾಗ ಸಣ್ಣ ಕೊಕ್ಕೆ ಹೊರಗೆ ಬಂದು ಫ್ಲೈವೀಲ್ ಕಡೆಯ ಬಟ್ಟಲನ್ನು ಹಿಡಿಯುತ್ತದೆ. ಕೊಕ್ಕೆ ಸವೆದರೆ ಕಣ್ಣಿಗೇ ಕಾಣುತ್ತದೆ. ನಿಮ್ಮ ಬೇರಿಂಗ್ ಕಥೆ ಹಾಗಲ್ಲ, ಬಿಚ್ಚಿ ಮುಟ್ಟಿ ನೋಡಬೇಕು.

ಆದರೆ ಸ್ಪ್ರಿಂಗ್ ಮತ್ತು ಹಗ್ಗ ಎರಡೂ ಕಡೆ ಒಂದೇ. ಅದರ ಬಗ್ಗೆ ಎರಡು ಮಾತು ಹೇಳಬಹುದು.

ಸ್ಪ್ರಿಂಗ್ ಕೂರಿಸುವಾಗ ಕನ್ನಡಕ ಹಾಕಿಕೊಳ್ಳಿ. ಇದು ನಾಟಕ ಅಲ್ಲ. ಆ ಪಟ್ಟಿಯ ಅಂಚು ಬ್ಲೇಡ್ ಇದ್ದ ಹಾಗೇ ಇರುತ್ತದೆ. ಹೊರಗಿನ ಕೊಕ್ಕೆಯನ್ನು ಡಬ್ಬಿಯ ಕಚ್ಚಿಗೆ ಮೊದಲು ಸಿಕ್ಕಿಸಿ, ಅಲ್ಲಿಂದ ಒಳಮುಖವಾಗಿ ಸುತ್ತುತ್ತಾ ಬನ್ನಿ. ಸುತ್ತಿದಷ್ಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರಿ. ಕೊನೆಗೆ ಒಳಗಿನ ಕೊಕ್ಕೆ ಪುಲ್ಲಿಯ ಹಲ್ಲಿಗೆ ಸಿಗಬೇಕು. ಪುಲ್ಲಿ ಇಟ್ಟು ಮೆಲ್ಲಗೆ ತಿರುಗಿಸಿ. ಸ್ಪ್ರಿಂಗ್ ಎದುರು ತಳ್ಳಿದರೆ ಸಿಕ್ಕಿದೆ ಎಂದರ್ಥ.

ಆಮೇಲೆ ಬಿಗಿ ಕೊಡುವುದು. ಹಗ್ಗವನ್ನು ಪುಲ್ಲಿಗೆ ಪೂರ್ತಿ ಸುತ್ತಿದ ಮೇಲೆ, ಹಗ್ಗದ ಹೊರತುದಿಯನ್ನು ಪುಲ್ಲಿಯ ಅಂಚಿನ ಕಚ್ಚಿನಲ್ಲಿ ಸಿಕ್ಕಿಸಿ, ಪುಲ್ಲಿಯನ್ನು ಎಳೆಯುವ ದಿಕ್ಕಿಗೆ ಇನ್ನೂ 2 ಅಥವಾ 3 ಸುತ್ತು ತಿರುಗಿಸಿ. ಹಾಗೇ ಹಿಡಿದುಕೊಂಡು ಹಗ್ಗವನ್ನು ತೂತಿನಿಂದ ಹೊರಗೆ ತೆಗೆದು ಹಿಡಿ ಕಟ್ಟಿ. ಹಿಡಿ ಡಬ್ಬಿಗೆ ಬಂದು ಒತ್ತಿಕೊಂಡು ನಿಲ್ಲಬೇಕು. ತೂಗಾಡುತ್ತಿದ್ದರೆ ಬಿಗಿ ಸಾಲದು. ಜಾಸ್ತಿ ಸುತ್ತು ಕೊಡುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಹಗ್ಗ ಪೂರ್ತಿ ಹೊರಗೆ ಬರುವ ಮೊದಲೇ ಸ್ಪ್ರಿಂಗ್ ಗಟ್ಟಿಯಾಗಿ ಸುತ್ತಿಕೊಂಡು ನಿಂತರೆ, ಮುಂದಿನ ಎಳೆತಕ್ಕೆ ಕೊಕ್ಕೆ ಮುರಿಯುತ್ತದೆ. ಡಬ್ಬಿ ಮುಚ್ಚುವ ಮೊದಲು ಹಗ್ಗ ಪೂರ್ತಿ ಎಳೆದು, ಆಮೇಲೂ ಪುಲ್ಲಿ ಅರ್ಧ ಸುತ್ತಾದರೂ ತಿರುಗುತ್ತದಾ ನೋಡಿ.

ಧಾರವಾಡ ಡ್ರಿಫ್ಟ್

ಬೇರಿಂಗ್‌ಗೆ ಒಳ್ಳೆ ಗ್ರೀಸ್ ತುಂಬ್ರಿ, ಸರಿ ಹೋಗತದ. ಒಣಗಿರಬೇಕು.

ಹಳೇ ಗ್ಲೋ ಪ್ಲಗ್

ದಯವಿಟ್ಟು ಬೇಡ. ಬೇರೆ ಬೇರಿಂಗ್‌ಗೆ ಗ್ರೀಸ್ ಒಳ್ಳೆಯದು, ಇದಕ್ಕೆ ಶತ್ರು. ರೋಲರ್‌ಗಳು ತಟ್ಟನೆ ಸರಿದು ಶಾಫ್ಟನ್ನು ಕಚ್ಚಬೇಕು. ಗಟ್ಟಿ ಗ್ರೀಸ್ ಇದ್ದರೆ ಅವು ಇದ್ದಲ್ಲೇ ಅಂಟಿಕೊಂಡು ಕೂರುತ್ತವೆ. ಸ್ಪ್ರಿಂಗ್ ಪಟ್ಟಿಗೆ ಬೇಕಾದರೆ ತೆಳ್ಳಗೆ ಸವರಿ, ಅಷ್ಟೇ. ಅದೂ ಬೇರಿಂಗ್ ಕಡೆ ಹರಿಯದ ಹಾಗೆ.

ಇಲ್ಲಿ ಹೆಚ್ಚಾಗಿ ಆಗುವುದು ಏನು ಗೊತ್ತಾ? ನೈಟ್ರೋ ಇಂಧನದಲ್ಲಿ ಮೆಥನಾಲ್, ನೈಟ್ರೋಮೀಥೇನ್ ಜೊತೆ ಎಣ್ಣೆ ಕೂಡ ಇರುತ್ತದೆ. ಎಷ್ಟೋ ಬ್ರಾಂಡ್‌ಗಳಲ್ಲಿ ಅದರ ಒಂದು ಪಾಲು ಹರಳೆಣ್ಣೆ. ಕ್ರ್ಯಾಂಕ್ ಕೇಸ್‌ನಿಂದ ಸ್ಟಾರ್ಟರ್ ಶಾಫ್ಟ್ ಪಕ್ಕದಲ್ಲೇ ಸ್ವಲ್ಪ ಸ್ವಲ್ಪ ಹೊರಗೆ ಜಿನುಗಿ ಬೇರಿಂಗ್‌ಗೆ ಬರುತ್ತದೆ. ಓಡುವಾಗ ತೊಂದರೆ ಇಲ್ಲ. ಗಾಡಿಯನ್ನು ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಮೆಥನಾಲ್ ಆರಿಹೋಗಿ ಎಣ್ಣೆ ಮಾತ್ರ ಉಳಿದು ಅಂಟು ಅಂಟಾಗುತ್ತದೆ. ಅದಕ್ಕೇ ಮೊದಲು ತೊಳೆದು ನೋಡಿ ಅನ್ನುವುದು. ಅದಕ್ಕೆ ಕಾಸೂ ಖರ್ಚಿಲ್ಲ.

ಕೆಂಗೇರಿ ಬಗ್ಗಿ

ಫ್ಲೈವೀಲ್ ಪರೀಕ್ಷೆ ಮಾಡಿದೆ. ಎರಡೂ ಕಡೆ ಆರಾಮಾಗಿ ತಿರುಗುತ್ತದೆ. ಉಲ್ಟಾ ತಿರುಗಿಸಿದಾಗ ಎಲ್ಲೋ ಒಮ್ಮೆ ಸ್ವಲ್ಪ ತಡೆಯುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ.

ಬೇರಿಂಗ್ ತೊಳೆಯಲು ಏನು ಬಳಸಲಿ? ಮನೆಯಲ್ಲಿ ಪೆಟ್ರೋಲ್ ಇದೆ, ಥಿನ್ನರ್ ಇದೆ.

ಕಡಲತೀರ

ಥಿನ್ನರ್ ಬೇಡ ಮಾರಾಯ್ರೆ, ಪ್ಲಾಸ್ಟಿಕ್ ಪುಲ್ಲಿ ಕರಗಿ ಮುದ್ದೆಯಾದೀತು. ಬೇರಿಂಗ್ ಬಿಡಿಯಾಗಿ ಹೊರಗೆ ಬರುವುದಾದರೆ ಪೆಟ್ರೋಲ್ ಸಾಕು. ಪುಲ್ಲಿಯಲ್ಲೇ ಒತ್ತಿ ಕೂರಿಸಿದ್ದರೆ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಬಿಡಿ. ಏನು ಮಾಡಿದರೂ ಮನೆಯ ಹೊರಗೆ ಮಾಡಿ. ಪಕ್ಕದಲ್ಲಿ ಗ್ಯಾಸ್ ಒಲೆ ಇರಬಾರದು.

ಹಳೇ ಗ್ಲೋ ಪ್ಲಗ್

ಕಡಲತೀರ ಹೇಳಿದ್ದು ಸರಿ. ಬಿಚ್ಚುವಾಗ ಬೇರಿಂಗ್ ಯಾವ ಮುಖ ಹೊರಗಿತ್ತು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲವು 18 ಎಂಜಿನ್‌ಗಳಲ್ಲಿ ಬೇರಿಂಗ್‌ನ ಹೊರಮೈ ಆರು ಮೂಲೆಯದು, ಪುಲ್ಲಿಯ ಆರು ಮೂಲೆ ಗುಂಡಿಯಲ್ಲಿ ಕೂರುತ್ತದೆ. ಎರಡೂ ಮುಖದಲ್ಲಿ ಕೂರುವುದರಿಂದ ಉಲ್ಟಾ ಹಾಕಿದರೂ ಗೊತ್ತಾಗುವುದಿಲ್ಲ.

ತೊಳೆದ ಮೇಲೆ ಬೇರಿಂಗನ್ನು ಶಾಫ್ಟ್ ಮೇಲೆ ತೂರಿಸಿ ಕೈಯಲ್ಲೇ ತಿರುಗಿಸಿ. ಒಂದು ಕಡೆ ಜಾರಬೇಕು, ಇನ್ನೊಂದು ಕಡೆ ಕಲ್ಲಿನಂತೆ ನಿಲ್ಲಬೇಕು. ಹಾಗೇ ಶಾಫ್ಟ್‌ನ ಮೇಲ್ಮೈ ನೋಡಿ. ರೋಲರ್ ಕೂರುವ ಜಾಗದಲ್ಲಿ ಉಗುರು ಎಳೆಯಿರಿ. ಗೆರೆಗೆ ಉಗುರು ಸಿಕ್ಕಿಕೊಂಡರೆ ಶಾಫ್ಟ್ ಸವೆದಿದೆ.

ಕೆಂಗೇರಿ ಬಗ್ಗಿ

ತೊಳೆದೆ. ಬಂದ ನೀರು ಕಾಫಿ ಡಿಕಾಕ್ಷನ್ ಬಣ್ಣ. ಬೇರಿಂಗ್ ಆರು ಮೂಲೆಯದೇ. ಕೈಯಲ್ಲಿ ತಿರುಗಿಸಿದರೆ ಒಂದು ಕಡೆ ಹಿಡಿಯುತ್ತದೆ. ಖುಷಿಯಾಗಿ ಜೋಡಿಸಿ ಎಳೆದೆ. ಗ್ಲೋ ಪ್ಲಗ್ ಇಲ್ಲದಿದ್ದಾಗ ಎಂಜಿನ್ ಪಟಪಟ ತಿರುಗುತ್ತದೆ! ಪ್ಲಗ್ ಹಾಕಿ ಎಳೆದರೆ ಮತ್ತೆ ಅದೇ ಕಥೆ, ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಜಾರುತ್ತದೆ.

ಶಾಫ್ಟ್‌ನಲ್ಲಿ ಹೊಳೆಯುವ ಪಟ್ಟಿ ಇದೆ. ಉಗುರು ಅದರ ಅಂಚಿಗೆ ಸಿಗುತ್ತದೆ.

ಧಾರವಾಡ ಡ್ರಿಫ್ಟ್

ಎಮೆರಿ ಪೇಪರ್ ತಗೊಂಡು ಶಾಫ್ಟ್ ಸ್ವಲ್ಪ ಒರಟು ಮಾಡ್ರಿ. ಹಿಡಿತದ. ನಮ್ಮ ಗೆಳೆಯ ಹಾಂಗ ಮಾಡಿ ಒಂದು ಸೀಸನ್ ಓಡಿಸ್ಯಾನ.

ಹಳೇ ಗ್ಲೋ ಪ್ಲಗ್

ಹಿಡಿಯುತ್ತದೆ, ಸುಳ್ಳಲ್ಲ. ಭಾನುವಾರದ ಓಟ ತಪ್ಪಬಾರದು ಅಂತಿದ್ದರೆ ಮಾಡಬಹುದು. ಆದರೆ ಶಾಫ್ಟ್ ತೆಳ್ಳಗಾಗಿರುವುದೇ ರೋಗ. ಅದನ್ನು ಉಜ್ಜಿದರೆ ಇನ್ನೂ ತೆಳ್ಳಗಾಗುತ್ತದೆ. ಮೇಲಾಗಿ ಶಾಫ್ಟ್‌ನ ಹೊರಪದರಕ್ಕೆ ಗಡಸು ಕೊಟ್ಟಿರುತ್ತಾರೆ. ಅದು ಹೋದರೆ ಒಳಗಿನ ಮೆದು ಕಬ್ಬಿಣ ಬೇಗ ಸವೆಯುತ್ತದೆ. ಒರಟು ಮೈ ಬೇರಿಂಗ್‌ನ ರೋಲರ್‌ಗಳನ್ನೂ ತಿನ್ನುತ್ತದೆ.

ಸವೆತ ಎಲ್ಲಿಂದ ಬಂತು ಅಂತ ಎಷ್ಟೋ ಜನ ಕೇಳುತ್ತಾರೆ. ಹಗ್ಗ ಎಳೆಯುವುದೇ ದಿನಕ್ಕೆ ನಾಲ್ಕು ಸಲ ಅಲ್ವಾ ಅಂತ. ಸವೆಯುವುದು ಎಳೆಯುವಾಗ ಅಲ್ಲ, ಓಡುವಾಗ. ಇಂಥ ಎಂಜಿನ್‌ಗಳು ನಿಮಿಷಕ್ಕೆ 30,000 ಸುತ್ತಿನ ಹತ್ತಿರ ಹೋಗುತ್ತವೆ. ಅಷ್ಟು ಹೊತ್ತೂ ಸ್ಟಾರ್ಟರ್ ಶಾಫ್ಟ್ ನಿಂತ ಬೇರಿಂಗ್‌ನೊಳಗೆ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಅದರ ಜೊತೆ ಮಣ್ಣು ಸೇರಿದರೆ ಕೇಳುವುದೇ ಬೇಡ.

ನನ್ನ ಸಲಹೆ: ಶಾಫ್ಟ್ ಮತ್ತು ಬೇರಿಂಗ್ ಎರಡೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ಹಾಳು ಮಾಡುತ್ತದೆ. ಡಬ್ಬಿ, ಸ್ಪ್ರಿಂಗ್ ಹಾಗೇ ಇರಲಿ.

ಡಲ್ಲಾಸ್ ಕನ್ನಡಿಗ

ನಮಸ್ಕಾರ. ನಾನು ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ ಹತ್ತಿರದ ಮೆಕಿನ್ನಿ ಊರಿನಲ್ಲೇ ಟ್ರಾಕ್ಸಸ್ ಕಂಪನಿಯ ಮುಖ್ಯ ಕಚೇರಿ. ಅವರು ತಮ್ಮ ನೈಟ್ರೋ ಟ್ರಕ್‌ಗಳಲ್ಲಿ ಹಗ್ಗ ಬಿಟ್ಟು ಈಝಿ ಸ್ಟಾರ್ಟ್ ಅಂತ ಎಲೆಕ್ಟ್ರಿಕ್ ಮೋಟಾರ್ ಕೊಡುತ್ತಾರೆ. ಕೈಯಲ್ಲಿ ಹಿಡಿಯುವ ಕಂಟ್ರೋಲ್ ಪೆಟ್ಟಿಗೆ ಚುಚ್ಚಿ ಬಟನ್ ಒತ್ತಿದರೆ ಆಯಿತು, ಗ್ಲೋ ಪ್ಲಗ್ ಕೂಡ ಅದೇ ಬಿಸಿ ಮಾಡುತ್ತದೆ. ಎಚ್‌ಪಿಐನವರ ರೋಟೋ ಸ್ಟಾರ್ಟ್ ಇದೆ, ಡ್ರಿಲ್ ಥರ ಹಿಂದಿನಿಂದ ತೂರಿಸಿ ತಿರುಗಿಸುವುದು. ರೇಸ್ ಮಾಡುವವರು ಸ್ಟಾರ್ಟರ್ ಬಾಕ್ಸ್ ಬಳಸುತ್ತಾರೆ. ಕಾರನ್ನು ಪೆಟ್ಟಿಗೆ ಮೇಲಿಟ್ಟು ಒತ್ತಿದರೆ ಅದರ ರಬ್ಬರ್ ಚಕ್ರ ಫ್ಲೈವೀಲನ್ನು ತಿರುಗಿಸುತ್ತದೆ.

ಹಗ್ಗದ ಜೊತೆ ಒದ್ದಾಡುವುದಕ್ಕಿಂತ ಯಾವುದಾದರೂ ಒಂದಕ್ಕೆ ಬದಲಾಯಿಸಿಬಿಡಿ.

ಹಳೇ ಗ್ಲೋ ಪ್ಲಗ್

ಸ್ಟಾರ್ಟರ್ ಬಾಕ್ಸ್ ಒಳ್ಳೆಯದೇ. ಹಿಂದಿನ ಸ್ಟಾರ್ಟರ್ ಪೂರ್ತಿ ತೆಗೆದು, ತೂತಿಲ್ಲದ ಬ್ಯಾಕ್ ಪ್ಲೇಟ್ ಹಾಕಬಹುದು. ಭಾರ ಕಡಿಮೆ, ಗಾಳಿ ಸೋರುವ ಜಾಗವೂ ಕಡಿಮೆ. ಆದರೆ ಕಾರಿನ ಚಾಸಿ ತಳದಲ್ಲಿ ಫ್ಲೈವೀಲ್ ಕೆಳಗೆ ತೂತು ಇರಬೇಕು. ಕೆಂಗೇರಿಯವರೇ, ಗಾಡಿ ತಲೆಕೆಳಗೆ ಮಾಡಿ ನೋಡಿ, ಫ್ಲೈವೀಲ್ ಕಾಣುತ್ತದಾ?

ರೋಟೋ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಅದರಲ್ಲೂ ಒನ್ ವೇ ಬೇರಿಂಗ್ ಇದ್ದೇ ಇರುತ್ತದೆ. ಇವರ ತೊಂದರೆ ಇರುವುದೇ ಅಲ್ಲಿ. ಇನ್ನೊಂದು, ಹಗ್ಗಕ್ಕೆ ಒಂದು ಗುಣ ಇದೆ: ಎಂಜಿನ್ ಒಳಗೆ ಇಂಧನ ತುಂಬಿ ಪಿಸ್ಟನ್ ಮೇಲೆ ಹೋಗದಿದ್ದರೆ ಅದು ಕೈಗೆ ಗೊತ್ತಾಗುತ್ತದೆ. ದ್ರವವನ್ನು ಒತ್ತಿ ಸಣ್ಣದು ಮಾಡಲು ಆಗುವುದಿಲ್ಲ. ಮೋಟಾರ್‌ಗೆ ಅದು ಗೊತ್ತಾಗುವುದಿಲ್ಲ, ಬಟನ್ ಒತ್ತಿದರೆ ತಿರುಗಿಸಿಯೇ ತೀರುತ್ತದೆ. ಆಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೊಸಬರಿಗೆ ಹಗ್ಗವೇ ಒಳ್ಳೆಯ ಮೇಷ್ಟ್ರು ಅಂತ ನಾನು ಹೇಳುವುದು ಅದಕ್ಕೇ.

ಡಲ್ಲಾಸ್ ಕನ್ನಡಿಗ

ಅದು ಒಪ್ಪುವ ಮಾತು. ಇಲ್ಲಿ ಬಿಡಿಭಾಗ ಅಂಗಡಿಯಲ್ಲೇ ಸಿಗುತ್ತದೆ, ಹಾಗಾಗಿ ನಾವು ಸುಲಭವಾಗಿ ಬದಲಿಸು ಅಂದುಬಿಡುತ್ತೇವೆ.

ಕೆಂಗೇರಿ ಬಗ್ಗಿ

ತಳದಲ್ಲಿ ತೂತು ಇಲ್ಲ. ಹಗ್ಗವೇ ಗತಿ. ಶಾಫ್ಟ್, ಬೇರಿಂಗ್ ಆರ್ಡರ್ ಮಾಡುತ್ತೇನೆ. ಶಾಫ್ಟ್ ಹೇಗೆ ತೆಗೆಯುವುದು? ಬ್ಯಾಕ್ ಪ್ಲೇಟ್ ಬಿಚ್ಚಬೇಕಾ?

ಹಳೇ ಗ್ಲೋ ಪ್ಲಗ್

ಹೌದು. ಎಂಜಿನ್ ಹೊರಗೆ ತೆಗೆದೇ ಮಾಡಿ, ಇಲ್ಲದಿದ್ದರೆ ಚಾಸಿಯ ಮಣ್ಣೆಲ್ಲ ಕ್ರ್ಯಾಂಕ್ ಕೇಸ್ ಒಳಗೆ ಹೋಗುತ್ತದೆ. ಬಿಚ್ಚುವ ಮೊದಲು ಹೊರಗೆಲ್ಲ ಬ್ರಷ್ ಹಾಕಿ ತೊಳೆಯಿರಿ. ಕಾರ್ಬುರೇಟರ್ ಬಾಯಿಗೂ ಎಕ್ಸಾಸ್ಟ್ ಬಾಯಿಗೂ ಬಟ್ಟೆ ತುರುಕಿ. ಜೋಡಿಸುವಾಗ ಎಲ್ಲಕ್ಕಿಂತ ಮೊದಲು ಆ ಬಟ್ಟೆ ತೆಗೆಯುವುದು ನೆನಪಿರಲಿ.

ಬ್ಯಾಕ್ ಪ್ಲೇಟ್‌ಗೆ ನಾಲ್ಕು ಸ್ಕ್ರೂ. ಸರಿಯಾದ ಅಲೆನ್ ಕೀ ಬಳಸಿ. ಸವೆದ ಕೀ ಹಾಕಿ ತಿರುಗಿಸಿದರೆ ಸ್ಕ್ರೂ ತಲೆ ಗುಂಡಗಾಗುತ್ತದೆ. ಬಿಡದಿದ್ದರೆ ಹೇರ್ ಡ್ರೈಯರ್‌ನಿಂದ ಅಲ್ಯೂಮಿನಿಯಂ ಬಿಸಿ ಮಾಡಿ ಪ್ರಯತ್ನಿಸಿ. ಪ್ಲೇಟ್ ಹೊರಗೆ ಬಂದಾಗ ಒಳಗೆ ಕ್ರ್ಯಾಂಕ್ ಪಿನ್ ಕಾಣುತ್ತದೆ. ಶಾಫ್ಟ್‌ನ ಒಳತುದಿಯಲ್ಲಿ ಆ ಪಿನ್ನಿಗೆಂದು ಕಚ್ಚು ಅಥವಾ ತೂತು ಇರುತ್ತದೆ. ಅದು ಅಗಲವಾಗಿದೆಯಾ ಅಂತಲೂ ನೋಡಿ.

ವಾಪಸ್ ಹಾಕುವಾಗ ಪಿನ್ ಆ ಕಚ್ಚಿಗೆ ಸರಿಯಾಗಿ ಕೂತರೆ ಪ್ಲೇಟ್ ತಾನಾಗಿ ಒಳಗೆ ಹೋಗುತ್ತದೆ. ಸ್ಕ್ರೂ ಬಿಗಿದು ಎಳೆದು ಕೂರಿಸಲು ಹೋದರೆ ಪ್ಲೇಟ್ ಬಾಗುತ್ತದೆ. ಓ ರಿಂಗ್ ಕಡಿದಿದ್ದರೆ ಹೊಸದು ಹಾಕಿ. ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಇಲ್ಲಿ ಗಾಳಿ ಸೋರಿದರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿ, ಇಂಧನ ಕಡಿಮೆ. ಐಡಲ್ (ನಿಂತಲ್ಲಿನ ವೇಗ) ತಾನೇ ತಾನಾಗಿ ಏರುತ್ತದೆ, ಎಂಜಿನ್ ಸುಡುತ್ತದೆ. ಜನ ಇಂಧನ ಹೊಂದಿಸುವ ನೀಡಲ್ ತಿರುಗಿಸಿ ತಿರುಗಿಸಿ ಸುಸ್ತಾಗುತ್ತಾರೆ, ತಪ್ಪು ಇರುವುದು ಹಿಂದಿನ ಪ್ಲೇಟ್‌ನಲ್ಲಿ.

ಅಡಿಕೆ ತೋಟ

ಬಿಚ್ಚಿದ್ದೇ ಆಯಿತು, ಹಗ್ಗವನ್ನೂ ನೋಡಿಬಿಡಿ. ಹಿಡಿ ಹತ್ತಿರ ಮತ್ತು ಡಬ್ಬಿಯ ತೂತಿನಲ್ಲಿ ಉಜ್ಜುವ ಜಾಗದಲ್ಲಿ ನೂಲು ಬಿಟ್ಟಿದ್ದರೆ ಇವತ್ತೋ ನಾಳೆಯೋ ಕಡಿಯುತ್ತದೆ. ನಮ್ಮ ಕಳೆ ಮೆಷಿನ್ ಹಗ್ಗ ತಂದು ಹಾಕಬೇಡಿ, ದಪ್ಪ ಜಾಸ್ತಿ, ಪುಲ್ಲಿಯಲ್ಲಿ ಹಿಡಿಸುವುದಿಲ್ಲ. ಹಳೆಯದರಷ್ಟೇ ಉದ್ದ, ಹಳೆಯದರಷ್ಟೇ ದಪ್ಪ. ಹೆಣೆದ ನೈಲಾನ್ ದಾರ ಆಗಬೇಕು. ತುರ್ತಿಗೆ ಗಾರೆ ಕೆಲಸದವರು ಗೋಡೆಗೆ ನೇರ ಹಿಡಿಯುವ ನೈಲಾನ್ ದಾರ ನಡೆಯುತ್ತದೆ, ಜಾಸ್ತಿ ದಿನ ಬರುವುದಿಲ್ಲ. ಹತ್ತಿ ಹುರಿ ಬೇಡವೇ ಬೇಡ.

ತುದಿಯನ್ನು ಲೈಟರ್‌ನಲ್ಲಿ ಸುಟ್ಟು ಮೊನೆ ಮಾಡಿಕೊಂಡರೆ ತೂತಿನಲ್ಲಿ ಸಲೀಸಾಗಿ ತೂರುತ್ತದೆ. ಆ ಲೈಟರ್ ಕೆಲಸ ಇಂಧನದ ಡಬ್ಬಿಯಿಂದ ದೂರ. ಹಗಲು ಬೆಳಕಿನಲ್ಲಿ ಮೆಥನಾಲ್ ಬೆಂಕಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ ಅಂತ ತಮ್ಮನ ಮಗನಿಗೆ ಯಾವಾಗಲೂ ಹೇಳುತ್ತಿರುತ್ತೇನೆ.

ಕಡಲತೀರ

ಬೇರಿಂಗ್‌ಗೆ ತುಕ್ಕು ಹಿಡಿದಿತ್ತಾ? ನಮ್ಮ ಕರಾವಳಿಯಲ್ಲಿ ಇದೇ ದೊಡ್ಡ ಕಾಟ. ಮೆಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಓಡಿಸಿ ಟ್ಯಾಂಕ್‌ನಲ್ಲಿ ಇಂಧನ ಹಾಗೇ ಬಿಟ್ಟರೆ ಕ್ರ್ಯಾಂಕ್ ಬೇರಿಂಗ್, ಈ ಒನ್ ವೇ ಬೇರಿಂಗ್ ಎರಡೂ ಕೆಂಪಗಾಗುತ್ತವೆ. ಓಡಿಸಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಲೈನ್‌ನಲ್ಲಿ ಉಳಿದದ್ದನ್ನೂ ಎಂಜಿನ್ ಓಡಿಸಿಯೇ ಮುಗಿಸಿ. ಆಮೇಲೆ ಪ್ಲಗ್ ತೂತಿಗೂ ಕಾರ್ಬುರೇಟರ್‌ಗೂ ತುಕ್ಕು ತಡೆಯುವ ಆಫ್ಟರ್ ರನ್ ಆಯಿಲ್ ಕೆಲವು ಹನಿ ಬಿಟ್ಟು, ಹಗ್ಗ ಎರಡು ಸಲ ಎಳೆದಿಡಿ.

ಕೆಂಗೇರಿ ಬಗ್ಗಿ

ತುಕ್ಕು ಇರಲಿಲ್ಲ ಸರ್, ಬರೀ ಅಂಟು. ಹಗ್ಗ ಹಿಡಿ ಹತ್ತಿರ ನೂಲು ಬಿಟ್ಟಿದೆ. ಅದನ್ನೂ ಬದಲಿಸುತ್ತೇನೆ.

ಇನ್ನೊಂದು ಅನುಮಾನ. ಮೊದಲ ಸಲ ಹಗ್ಗ ವಾಪಸ್ ಹೋಗದೆ ನಿಂತದ್ದು ಯಾಕೆ? ಆ ದಿನ ಎಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ, ತುಂಬಾ ಸಲ ಎಳೆದಿದ್ದೆ.

ಹಳೇ ಗ್ಲೋ ಪ್ಲಗ್

ಇದೇ ಮುಖ್ಯ ಪ್ರಶ್ನೆ. ಹೊಸ ಶಾಫ್ಟ್ ಹಾಕಿ, ಆ ಕಾರಣವನ್ನು ಹಾಗೇ ಬಿಟ್ಟರೆ ಮುಂದಿನ ತಿಂಗಳು ಮತ್ತೆ ಇದೇ ಪೋಸ್ಟ್ ಹಾಕುತ್ತೀರಿ.

ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್‌ಗೆ ಕೆಲವೇ ಎಳೆತ ಸಾಕು. ಸ್ಟಾರ್ಟ್ ಆಗದಿದ್ದರೆ ಎಳೆಯುವುದು ನಿಲ್ಲಿಸಿ ಕಾರಣ ಹುಡುಕಬೇಕು. ಮೊದಲ ಗುಮಾನಿ ಪ್ಲಗ್ ಬಿಸಿ ಮಾಡುವ ಗ್ಲೋ ಇಗ್ನೈಟರ್ ಮೇಲೆ. ಪ್ಲಗ್ ಹೊರಗೆ ತೆಗೆದು ಇಗ್ನೈಟರ್‌ಗೆ ಸಿಕ್ಕಿಸಿ. ತಂತಿ ಸುರುಳಿ ಒಳ್ಳೆ ಕಿತ್ತಳೆ ಬಣ್ಣಕ್ಕೆ ಹೊಳೆಯಬೇಕು. ಮಂಕಾಗಿ ಕೆಂಪಗಿದ್ದರೆ ಸೆಲ್ ಚಾರ್ಜ್ ಇಲ್ಲ. ಒಂದೂ ಕಾಲು, ಒಂದೂವರೆ ವೋಲ್ಟ್‌ನ ಸೆಲ್, ಚಳಿಗಾಲದಲ್ಲಿ ಬೇಗ ಸುಸ್ತಾಗುತ್ತದೆ. ಪುಲ್ ಸ್ಟಾರ್ಟರ್ ಹಾಳಾಗುವುದು ಅರ್ಧ ಇದರಿಂದಲೇ ಅಂತ ನನಗನಿಸುತ್ತದೆ. ಪ್ಲಗ್ ಹೊಳೆಯುತ್ತಿರುವುದಿಲ್ಲ, ಪಾಪ ಹಗ್ಗದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ.

ಎರಡನೆಯದು ಫ್ಲಡ್ ಆಗುವುದು, ಅಂದರೆ ಒಳಗೆ ಇಂಧನ ತುಂಬಿಕೊಳ್ಳುವುದು. ಇಂಧನ ಮೇಲೆ ಬರಲಿ ಅಂತ ಎಕ್ಸಾಸ್ಟ್ ತುದಿಗೆ ಬೆರಳಿಟ್ಟು ಎಳೆಯುತ್ತಾರಲ್ಲ, ಪೈಪ್‌ನಲ್ಲಿ ಇಂಧನ ಕಾರ್ಬುರೇಟರ್ ಮುಟ್ಟಿದ ಕೂಡಲೇ ಬೆರಳು ತೆಗೆಯಬೇಕು. ಅದಕ್ಕಿಂತ ಜಾಸ್ತಿ ಆದರೆ ಒಳಗೆ ಕೆರೆ. ಹಗ್ಗ ಅರ್ಧಕ್ಕೆ ನಿಂತರೆ ಇನ್ನೂ ಜೋರಾಗಿ ಎಳೆಯಬೇಡಿ. ಇಗ್ನೈಟರ್ ತೆಗೆದು, ಪ್ಲಗ್ ಬಿಚ್ಚಿ, ಕಾರನ್ನು ತಲೆಕೆಳಗೆ ಹಿಡಿದು ಕೆಲವು ಸಲ ಎಳೆಯಿರಿ. ಪ್ಲಗ್ ತೂತಿನಿಂದ ಇಂಧನ ಚಿಮ್ಮುತ್ತದೆ. ಮುಖ ದೂರ ಇರಲಿ, ಮೆಥನಾಲ್ ಕಣ್ಣಿಗೆ ತುಂಬಾ ಕೆಟ್ಟದ್ದು.

ಕೆಂಗೇರಿ ಬಗ್ಗಿ

ಇಗ್ನೈಟರ್ ನೋಡಿದೆ. ಸುರುಳಿ ಮಂಕು ಕೆಂಪು 🤦 ಚಾರ್ಜ್ ಮಾಡಿದರೂ ಬೇಗ ಇಳಿಯುತ್ತದೆ. ಹೊಸ ಸೆಲ್ ಹಾಕುತ್ತೇನೆ.

ರಿಂಗ್ ರೋಡ್ ಟ್ರಗ್ಗಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಹೊಸ ಎಂಜಿನ್, ಇನ್ನೂ ಬ್ರೇಕ್ ಇನ್ ಮಾಡಿಲ್ಲ, ಅಂದರೆ ಮೆಲ್ಲಗೆ ಓಡಿಸಿ ಪಳಗಿಸಿಲ್ಲ. ಫ್ಲಡ್ ಆಗಿಲ್ಲ, ಪ್ಲಗ್ ತೆಗೆದರೂ ಮೇಲೆ ಬಂದು ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಸ್ಟಾರ್ಟರ್ ಕೆಟ್ಟಿದೆಯಾ?

ಹಳೇ ಗ್ಲೋ ಪ್ಲಗ್

ಸ್ಟಾರ್ಟರ್ ಚೆನ್ನಾಗೇ ಇದೆ. ಇವುಗಳಲ್ಲಿ ಪಿಸ್ಟನ್ ರಿಂಗ್ ಇಲ್ಲ. ಅಲ್ಯೂಮಿನಿಯಂ ಪಿಸ್ಟನ್, ಅದು ಓಡಾಡುವ ಕೊಳವೆ ಕ್ರೋಮ್ ಹಚ್ಚಿದ ಹಿತ್ತಾಳೆ ಸ್ಲೀವ್. ಸ್ಲೀವ್ ಮೇಲೆ ಹೋದ ಹಾಗೆ ಕಿರಿದಾಗುತ್ತದೆ. ತಣ್ಣಗಿರುವಾಗ ಮೇಲ್ತುದಿಯಲ್ಲಿ ಪಿಸ್ಟನ್ ಬಿಗಿಯಾಗುತ್ತದೆ. ಬಿಸಿಯಾದಾಗ ಸ್ಲೀವ್ ಹಿಗ್ಗಿ ಸರಿಯಾದ ಅಂತರ ಸಿಗುತ್ತದೆ. ಹೊಸ ಎಂಜಿನ್‌ನಲ್ಲಿ ಆ ಬಿಗಿ ಇರಲೇಬೇಕು.

ಹೇರ್ ಡ್ರೈಯರ್‌ನಿಂದ ಸಿಲಿಂಡರ್ ತಲೆಯನ್ನು ಮುಟ್ಟಲಾಗದಷ್ಟು ಬಿಸಿ ಮಾಡಿ, ಆಮೇಲೆ ಎಳೆಯಿರಿ. ಎಂಜಿನ್ ಮೇಲೂ ನೆಲದ ಮೇಲೂ ಚೆಲ್ಲಿದ ಇಂಧನ ಇರದ ಹಾಗೆ ನೋಡಿಕೊಳ್ಳಿ. ಓಡಿಸಿ ನಿಲ್ಲಿಸಿದ ಮೇಲೆ, ಬಿಸಿ ಇರುವಾಗಲೇ ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳಗೆ ಬರುವ ಹಾಗೆ ಮಾಡಿಡಿ. ಮೇಲೆ ನಿಂತು ತಣ್ಣಗಾದರೆ ಮರುದಿನ ಹಗ್ಗಕ್ಕೆ ಮಗ್ಗುಲು ಮುರಿಯುವ ಕೆಲಸ.

ರಿಂಗ್ ರೋಡ್ ಟ್ರಗ್ಗಿ

ಡ್ರೈಯರ್ ಹಿಡಿದೆ, ತಿರುಗಿತು. ಥ್ಯಾಂಕ್ಸ್. ಡ್ರೈಯರ್ ಅಕ್ಕನದು, ಅವಳಿಗೆ ಹೇಳಬೇಡಿ.

ಕೆಂಗೇರಿ ಬಗ್ಗಿ

ಸಾಮಾನು ಬಂತು. ಹೊಸ ಶಾಫ್ಟ್, ಆರು ಮೂಲೆ ಬೇರಿಂಗ್, ಓ ರಿಂಗ್, ಹಗ್ಗ. ಹಳೇ ಶಾಫ್ಟ್ ಪಕ್ಕದಲ್ಲಿಟ್ಟು ವರ್ನಿಯರ್ ಹಿಡಿದರೆ ಸವೆದ ಪಟ್ಟಿಯಲ್ಲಿ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತದೆ. ಫೋಟೋ ನೋಡಿಕೊಂಡು ಬೇರಿಂಗ್ ಅದೇ ಮುಖದಲ್ಲಿ ಹಾಕಿದೆ. ಅಡಿಕೆ ತೋಟದವರು ಹೇಳಿದ ಹಾಗೆ ಬಿಗಿ ಕೊಟ್ಟು, ಪೂರ್ತಿ ಎಳೆದು ಪರೀಕ್ಷಿಸಿ ಮುಚ್ಚಿದೆ. ಫ್ಲೈವೀಲ್ ಈಗ ಒಂದೇ ಕಡೆ ತಿರುಗುತ್ತದೆ, ಉಲ್ಟಾ ಕದಲುವುದಿಲ್ಲ.

ಹೊಸ ಸೆಲ್ ಹಾಕಿದ ಇಗ್ನೈಟರ್ ಸಿಕ್ಕಿಸಿ ಎಳೆದೆ. ಸ್ಟಾರ್ಟ್! ಪಕ್ಕದ ಮನೆಯ ನಾಯಿ ಇನ್ನೂ ಬೊಗಳುತ್ತಿದೆ.

ಅಡಿಕೆ ತೋಟ

ಒಳ್ಳೆಯದಾಯಿತು. ಎಳೆಯುವ ಕ್ರಮವನ್ನೂ ಸ್ವಲ್ಪ ನೋಡಿಕೊಳ್ಳಿ. ಮೊದಲು ಮೆಲ್ಲಗೆ ಎಳೆದು ಬೇರಿಂಗ್ ಹಿಡಿದದ್ದು ಕೈಗೆ ಗೊತ್ತಾದ ಮೇಲೆ ಜೋರಾಗಿ ಎಳೆಯಬೇಕು. ತೂತಿನಿಂದ ನೇರಕ್ಕೆ ಎಳೆಯಿರಿ, ಓರೆ ಎಳೆದರೆ ಹಗ್ಗ ಅಂಚಿಗೆ ಉಜ್ಜುತ್ತದೆ. ಹಿಡಿಯನ್ನು ಕೈಯಿಂದ ಬಿಟ್ಟುಬಿಡಬೇಡಿ, ಕೈಯಲ್ಲೇ ವಾಪಸ್ ಕಳಿಸಿ.

ಹಳೇ ಗ್ಲೋ ಪ್ಲಗ್

ಸೇರಿಸುತ್ತೇನೆ: ಒಂದು ಗೇಣು, ಜಾಸ್ತಿ ಅಂದರೆ 25 ಸೆಂಟಿಮೀಟರ್ ಎಳೆದರೆ ಸಾಕು. ಗಿಡ್ಡ, ಚುರುಕು ಎಳೆತ. ಕೈ ಚಾಚಿ ಕೊನೆಯವರೆಗೂ ಎಳೆದರೆ ಗಂಟು ಕಿತ್ತುಬರುತ್ತದೆ, ಇಲ್ಲವೇ ಸ್ಪ್ರಿಂಗ್ ಕೊಕ್ಕೆ ಬಿಡುತ್ತದೆ. ಮೊದಲ ಸಲ ನಿಮ್ಮ ಹಗ್ಗ ವಾಪಸ್ ಹೋಗದೆ ನಿಂತದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಧಾರವಾಡ ಡ್ರಿಫ್ಟ್

ಅಭಿನಂದನೆ ರೀ. ಬ್ರಷ್‌ಲೆಸ್ ಮಾತು ವಾಪಸ್ ತಗೊಂಡೆ. ನನ್ನ ಗೆಳೆಯಂದು 21 ಸೈಜ್ ಎಂಜಿನ್, ಎಮೆರಿ ಹಚ್ಚಿದ್ದು ಈಗ ಪೂರ್ತಿ ಕೈ ಕೊಟ್ಟದ. ಇದೇ ಆರು ಮೂಲೆ ಬೇರಿಂಗ್ ಅವನಿಗೂ ಆಗತದ ಏನು?

ಹಳೇ ಗ್ಲೋ ಪ್ಲಗ್

ಎಂಜಿನ್ ಸೈಜ್ ನೋಡಿ ಆರ್ಡರ್ ಮಾಡಬೇಡಿ. 18 ಅಂದರೆ 0.18 ಘನ ಇಂಚು, ಸುಮಾರು 3 ಸಿಸಿ. 21 ಅಂದರೆ ಸುಮಾರು ಮೂರೂವರೆ ಸಿಸಿ. ಅದು ಸಿಲಿಂಡರ್ ಲೆಕ್ಕ, ಸ್ಟಾರ್ಟರ್ ಲೆಕ್ಕ ಅಲ್ಲ. ಒಂದೇ ಸೈಜಿನ ಎರಡು ಎಂಜಿನ್‌ಗಳಲ್ಲೂ ಶಾಫ್ಟ್ ಬೇರೆ ಇರುತ್ತದೆ. ಶಾಫ್ಟ್‌ನ ಸವೆಯದ ಜಾಗದ ವ್ಯಾಸ, ಬೇರಿಂಗ್‌ನ ಹೊರ ಅಳತೆ, ಅದರ ದಪ್ಪ, ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಫೋಟೋ ಜೊತೆ ಇಲ್ಲೇ ಹಾಕಲು ಹೇಳಿ. ಎಮೆರಿ ಹಚ್ಚಿದ ಶಾಫ್ಟ್ ಅಂತೂ ಬದಲಿಸಲೇಬೇಕು.